ಛತ್ರಕ್ಕೆ ವಯಸ್ಸು ಹೇಳಿದವಳು

‘ಕಟ್ಟಡದ ವಯಸ್ಸಿನ ಬಗ್ಗೆ ಅರ್ಜಿದಾರರೇ ಸಲ್ಲಿಸಿರುವ ದಾಖಲೆಯಂತೆ’ ಎಂದು ಶುರುವಾಗುವ ಒಂದು ವಾಕ್ಯದ ನಕಲು ನನ್ನ ಬ್ಯಾಗಿನಲ್ಲಿದೆ. ಅರ್ಜಿ ಹೆಂಗಸರ ಸಂಘದ್ದು, ಸಹಿ ನನ್ನ ಚಿಕ್ಕಮ್ಮನದು, ಬರೆದವಳು ನಾನು. ವಾಕ್ಯ ಮುಗಿಯುವುದು ‘ತೆರವುಗೊಳಿಸಲು ಶಿಫಾರಸು ಮಾಡಲಾಗಿದೆ’ ಎಂದು. ನಡುವೆ ಇರುವುದಕ್ಕೆಲ್ಲ ಆಧಾರ ನನ್ನವೇ ಪದಗಳು. ಎದುರಾಳಿಯ ಮಾತನ್ನೇ ಎತ್ತಿಕೊಂಡು ಎದುರಾಳಿಯನ್ನು ಬೀಳಿಸುವುದು ಹೇಗೆ ಎಂದು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಜೂನಿಯರುಗಳಿಗೆ ಹೇಳಿಕೊಡುತ್ತಿದ್ದವಳು ನಾನು. ಅದನ್ನು ನನ್ನ ಮೇಲೆಯೇ ಇಷ್ಟು ಸಲೀಸಾಗಿ, ದನಿ ಕೂಡ ಏರಿಸದೆ, ಯಾವ ಚರ್ಚಾಸ್ಪರ್ಧೆಯಲ್ಲೂ ಯಾರೂ ಮಾಡಿರಲಿಲ್ಲ.

ಕಟ್ಟಡ ಅಂದರೆ ನಮ್ಮೂರ ಛತ್ರ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮೂರು. ಊರು ಶುರುವಾಗುವ ಮುಂಚೆಯೇ ಛತ್ರ ಸಿಗುತ್ತದೆ. ಮೊಳಕ್ಕಿಂತ ದಪ್ಪದ ಗೋಡೆ, ಕಲ್ಲಿನ ಕಂಬ, ಗಾರೆ ತಾರಸಿ. ಹಿಂದೆ ಕೈವಾರಕ್ಕೆ ನಡೆದು ಹೋಗುವವರು ಅಲ್ಲಿ ತಂಗುತ್ತಿದ್ದರಂತೆ. ಬಸ್ಸು ಬಂದ ಮೇಲೆ ಯಾರೂ ತಂಗಲಿಲ್ಲ, ಅದು ಸೊಸೈಟಿ ಅಕ್ಕಿಯ ಗೋಡೌನ್ ಆಯಿತು. ಆಮೇಲೆ ಶಾಲೆ, ನಮ್ಮಮ್ಮನೂ ಚಿಕ್ಕಮ್ಮನೂ ಓದಿದ್ದು ಅಲ್ಲೇ. ಶಾಲೆಗೆ ಹೊಸ ಕಟ್ಟಡ ಬಂದ ಮೇಲೆ ಕುರಿಗಳು. ಕುರಿಗಳಿಂದ ಬಿಡಿಸಿಕೊಂಡಿದ್ದು ಚಿಕ್ಕಮ್ಮನ ಸಂಘ. ಏಳು ಜನ ಹೆಂಗಸರು ಪಂಚಾಯಿತಿಯಿಂದ ಬಾಡಿಗೆಗೆ ಪಡೆದು ಹಿಕ್ಕೆ ಬಳಿದು ಹೊರಹಾಕಿ ಅದನ್ನು ಚಾಕಿ ಮನೆ ಮಾಡಿದರು.

ಚಾಕಿ ಅಂದರೆ ರೇಷ್ಮೆ ಹುಳುವಿನ ಬಾಲವಾಡಿ ಅಂದುಕೊಳ್ಳಿ. ಮೊಟ್ಟೆಯೊಡೆದು ಬರುವ ಹುಳು ಇರುವೆಗಿಂತ ಸಣ್ಣದು. ಎರಡು ಜ್ವರ ಕಳೆಯುವ ತನಕ ಅದನ್ನು ಒಂದು ಕಡೆ ಸಾಕಿ, ಆಮೇಲೆ ರೈತರಿಗೆ ಕೊಡುತ್ತಾರೆ. ಜ್ವರ ಕಾಯಿಲೆಯಲ್ಲ, ಹುಳು ಮೇಯುವುದು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವ ಹೊತ್ತು. ಆಗ ಅಲ್ಲಾಡಿಸಿದರೆ ಹುಳು ಹೋಯಿತು. ಎಲ್ಲ ಹುಳುವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಅದಕ್ಕೆ ಮನೆಯ ಬಿಸಿ, ತೇವ ಒಂದೇ ಸಮ ಇರಬೇಕು. ಮೇಲೂರಿನ ಕಡೆ ಮೆಷಿನ್ ಇಟ್ಟು ಮಾಡುತ್ತಾರೆ. ಚಿಕ್ಕಮ್ಮನ ಮೆಷಿನ್ ಅಂದರೆ ಆ ಗೋಡೆ. ಏಪ್ರಿಲ್ ಮಧ್ಯಾಹ್ನ ಹೊರಗೆ ಚಪ್ಪಲಿ ಅಂಟುವಷ್ಟು ಕಾದಿದ್ದರೂ ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ. ಸುತ್ತಲ ಹಳ್ಳಿಗಳಿಂದ ರೈತರು ಬಂದು ‘ಅಕ್ಕನ ಚಾಕಿ’ ಎಂದು ಕೇಳಿ ಒಯ್ಯುತ್ತಿದ್ದರು.

ಆ ತಾರಸಿಯ ಹಿಂದಿನ ಮೂಲೆ ಸೋರಲು ಶುರುವಾಯಿತು. ಒಂದು ತೊಲೆ ಬಿರುಕು ಬಿಟ್ಟಿತು. ಅಷ್ಟೇ, ಒಂದು ಮೂಲೆ, ಒಂದು ತೊಲೆ. ಆದರೆ ಹಾಗೇ ಬಿಟ್ಟರೆ ಒಂದಲ್ಲ ಒಂದು ಮಳೆಗಾಲಕ್ಕೆ ಚಾಕಿ ಇಡಲಾಗುವುದಿಲ್ಲ, ಸಂಘದ ಹೆಂಗಸರ ಕೈಯಲ್ಲಿ ಗಾರೆ ಕೆಲಸ ಮಾಡಿಸುವ ಶಕ್ತಿ ಇಲ್ಲ. ಚಿಕ್ಕಮ್ಮ ಪಂಚಾಯಿತಿಗೆ ಎರಡು ವರ್ಷ ನಡೆದಳು. ನಮ್ಮ ಪಿಡಿಒ ಒಳ್ಳೆಯ ಹೆಂಗಸು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕುವವರಿಗೆ ನನ್ನ ಹೊರತು ಯಾರೂ ಸಿಗುವುದಿಲ್ಲ. ಒಂದು ದಿನ ಅವರೇ ಕರೆದು ಒಂದು ಸುತ್ತೋಲೆ ತೋರಿಸಿದರು. ಪಂಚಾಯಿತಿಗಳ ಸ್ವಾಧೀನದಲ್ಲಿರುವ ಹಳೆಯ ಕಟ್ಟಡಗಳನ್ನು ಕೆಡವದೆ, ದುರಸ್ತಿ ಮಾಡಿ, ಜನರ ಬಳಕೆಯಲ್ಲೇ ಉಳಿಸಿಕೊಳ್ಳಲು ನೆರವು.

“ನಿಮ್ಮದಕ್ಕೆ ಹೇಳಿ ಮಾಡಿಸಿದಂಗಿದೆ ಅಕ್ಕಾ,” ಎಂದರು ಪಿಡಿಒ. “ಆದ್ರೆ ಒಂದು ಕಾಲಂ ಇದೆ ನೋಡಿ. ಕಟ್ಟಡದ ಪ್ರಾಚೀನತೆಗೆ ಆಧಾರ. ಏನಾದ್ರೂ ಶಾಸನ, ಕಾಗದ ಇದೆಯಾ?”

“ಶಾಸನ ಎಲ್ಲಿಂದ ತರಣ ಮೇಡಂ. ನಮ್ಮಕ್ಕನ ಮಗಳು ಓದಿದೋಳು, ಅವಳನ್ನ ಕೇಳ್ತೀನಿ,” ಎಂದಳಂತೆ ಚಿಕ್ಕಮ್ಮ.

ಅಕ್ಕನ ಮಗಳು ಅಂದರೆ ನಾನು, ಚಿಂತಾಮಣಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪರಂಪರೆ, ಸಂರಕ್ಷಣೆ ಎಂಬ ಪದ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಾಲೇಜಿನಲ್ಲಿ ಅದೇ ವಿಷಯದ ಚರ್ಚೆಯಲ್ಲಿ ವಿರೋಧ ಪಕ್ಷ ಹಿಡಿದು ಗೆದ್ದಿದ್ದೆ. ಚಿಕ್ಕಬಳ್ಳಾಪುರದ ಹತ್ತಿರ ಕಳವಾರದ ಕಡೆಯಿಂದ ಕೋಟೆ ಬೆಟ್ಟ ಹತ್ತಿ ಪಾಳು ಗೋಡೆಗೆ ಒರಗಿ ಫೋಟೊ ತೆಗೆಸಿಕೊಂಡು ಇಳಿಯುವವರಿಗೆ ಇತಿಹಾಸ ಅಂದರೆ ಹಿನ್ನೆಲೆ ಮಾತ್ರ, ಆ ಬೆಟ್ಟದ ಬುಡದಲ್ಲಿ ಉಳುವವನಿಗೆ ಅದರಿಂದ ಏನು ಬಂತು ಎಂದು ಕೇಳಿದ್ದೆ. ಚಪ್ಪಾಳೆ ಬಿದ್ದಿತ್ತು. ಈಗಲೂ ಆ ಪ್ರಶ್ನೆ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಚರ್ಚೆಯಲ್ಲಿ ಪಳಗಿದವರಿಗೆ ಒಂದು ದುರಭ್ಯಾಸ ಇರುತ್ತದೆ: ಯಾವ ಪಕ್ಷ ಕೊಟ್ಟರೂ ಗೆಲ್ಲಬಲ್ಲೆ ಎನ್ನುವುದು. ಚಿಕ್ಕಮ್ಮ ಬಂದು ಕೇಳಿದಾಗ ನಾನು ಛತ್ರವನ್ನು ನೋಡಲಿಲ್ಲ, ಕಾಲಂ ನೋಡಿದೆ.

ಊರಿನ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಮ್ಮ ತಾತನ ತಾತ ಕಟ್ಟಿಸಿದ್ದು ಎಂದು ಮೂರು ಮನೆಯವರು ಹೇಳಿದರು. ಮೂವರಿಗೂ ಒಬ್ಬನೇ ತಾತನಿರಲು ಸಾಧ್ಯವಿರಲಿಲ್ಲ. ಕಾಗದವಿಲ್ಲ. ಆಗ ನನಗೆ ಹೊಳೆದದ್ದು ಸುಣ್ಣ. ನಮ್ಮೂರಲ್ಲಿ ಸಂಕ್ರಾಂತಿಗೆ ಮುಂಚೆ ಛತ್ರಕ್ಕೆ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಅಕ್ಕಿ ಇದ್ದಾಗಲೂ ಬಳಿದರು, ಶಾಲೆ ಇದ್ದಾಗಲೂ, ಕುರಿ ಇದ್ದಾಗಲೂ. ಯಾರ ಸರದಿ ಎಂದು ಬೀದಿಗಳ ನಡುವೆ ಜಗಳವೂ ಆಗುತ್ತಿತ್ತು. ವರ್ಷಕ್ಕೊಂದು ಪದರ. ಪದರ ಎಣಿಸಿದರೆ ವಯಸ್ಸು!

ಒಂದು ಭಾನುವಾರ ರಸ್ತೆಯ ಕಡೆಯ ಗೋಡೆಯನ್ನು ಚಾಕುವಿನಲ್ಲಿ ಕೆರೆದೆ. ಅದ್ಭುತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ, ಅದರಡಿ ನೀಲಿ ಬೆರೆಸಿದ ಬಿಳಿ, ಅದರಡಿ ಕೆಮ್ಮಣ್ಣಿನ ಪಟ್ಟಿ, ಮತ್ತೆ ಬಿಳಿ, ಹೊಗೆ ಹಿಡಿದ ಒಂದು ಕಪ್ಪು ಗೆರೆ, ಮತ್ತೆ ಬಿಳಿ. ಒಂದು ಕಡೆ ಕೆರೆದರೆ ಸಾಲದು, ಪುರಾವೆ ಗಟ್ಟಿಯಾಗಿರಬೇಕು ಎಂದು ನಾಲ್ಕು ಕಡೆ, ಕೈ ಅಗಲ, ತೋಳುದ್ದ, ಕಲ್ಲು ಕಾಣುವವರೆಗೆ ಬಿಡಿಸಿದೆ. ಗಾರೆ ಹಾಳೆಹಾಳೆಯಾಗಿ ಬಿತ್ತು. ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೊ ತೆಗೆದೆ.

ಜಗಲಿಯ ಮೇಲೆ ಕೂತು ನೋಡುತ್ತಿದ್ದ ಪಂಚಾಯಿತಿಯ ಹಿರಿಯ ಮೆಂಬರು ನಕ್ಕರು. “ಸುಣ್ಣ ಕೆರೆದು ವಯಸ್ಸು ಹೇಳ್ತೀಯೇನಮ್ಮ? ಹಂಗೇ ನನ್ನ ತಲೇನೂ ಒಂದಿಷ್ಟು ಕೆರೆದು ಹೇಳಮ್ಮ. ಆಧಾರ್ ಕಾರ್ಡಲ್ಲಿ ಒಂದಿದೆ, ನಮ್ಮಮ್ಮ ಹೇಳಿದ್ದು ಇನ್ನೊಂದಿದೆ.”

“ನಿಮ್ದು ಕೆರೆಯೋಕೆ ಕೂದಲೇ ಇಲ್ವಲ್ಲ ತಾತ,” ಎಂದೆ.

“ಬಾಯಿ ಜೋರು ಕಣಮ್ಮ ನಿಂದು,” ಎಂದು ಅವರು ಇನ್ನೂ ನಕ್ಕರು.

ಚಿಕ್ಕಮ್ಮ ನಗಲಿಲ್ಲ. ಕೆಳಗೆ ಬಿದ್ದ ಗಾರೆಯ ಹಾಳೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದಳು. “ಅಮ್ಮಣ್ಣಿ, ಫೋಟೊ ಆಯ್ತಲ್ಲ? ಈಗ ಮೆತ್ತಿ ಸುಣ್ಣ ಹೊಡೆದುಬಿಡ್ತೀವಿ ಬಿಡು. ಸಂಕ್ರಾಂತಿನೂ ಬಂತು.”

“ಹೊಡೀಬೇಡ ಚಿಕ್ಕಮ್ಮ! ಆಫೀಸರ್ ಬಂದು ಕಣ್ಣಾರೆ ನೋಡ್ಬೇಕು. ಫೋಟೊ ಯಾರು ಬೇಕಾದ್ರೂ ಸೃಷ್ಟಿ ಮಾಡಬೋದು ಅಂತಾರೆ. ಆಧಾರ ನಾವೇ ಮುಚ್ಚಿಹಾಕಿದಂಗಾಗುತ್ತೆ.”

“ಗೋಡೆ ಬೆತ್ತಲೆ ನಿಂತಿದೆಯಲ್ಲೇ.”

“ನಿಂತಿರ್ಲಿ. ಹೊಸದಾಗಿ ಸುಣ್ಣ ಹೊಡೆದು ಫಳಫಳ ಅಂತ ಇಟ್ರೆ ಇದು ಹಳೇ ಕಟ್ಟಡ ಅಂತ ಯಾರು ನಂಬ್ತಾರೆ? ನೀನೇ ಹೇಳು.”

ಅವಳ ಉತ್ತರ ವಾದದ ರೂಪದಲ್ಲಿ ಇರಲಿಲ್ಲ. ಬೆರಳ ತುದಿಯ ಪುಡಿಯಲ್ಲಿತ್ತು. ಆ ವರ್ಷ ಛತ್ರಕ್ಕೆ ಸುಣ್ಣ ಬೀಳಲಿಲ್ಲ. ಒಳಗೆ ಮಾತ್ರ ಎಂದಿನಂತೆ ಪ್ರತಿ ಬೆಳೆ ಮುಗಿದಾಗ ತೊಳೆದು ಸುಣ್ಣ ಬಳಿದರು, ಹುಳುವಿಗೆ ರೋಗ ಹತ್ತಬಾರದಲ್ಲ. ಹೊರಗೆ ನನ್ನ ಆಧಾರ ಹಾಗೇ ಇತ್ತು. ನಾನು ಹದಿನೇಳು ಪುಟದ ಟಿಪ್ಪಣಿ ಬರೆದೆ. ಛತ್ರದಿಂದ ಗೋಡೌನಿಗೆ, ಗೋಡೌನಿನಿಂದ ಶಾಲೆಗೆ, ಶಾಲೆಯಿಂದ ಚಾಕಿಗೆ. ಇದಕ್ಕಿಂತ ಚೆನ್ನಾಗಿ ಮರುಬಳಕೆಯಾದ ಕಟ್ಟಡವನ್ನು ಜಿಲ್ಲೆಯಲ್ಲಿ ತೋರಿಸಿ ಎಂದು ಸವಾಲು ಹಾಕಿದ್ದೆ. ಸರ್ಕಾರಿ ಅರ್ಜಿಯಲ್ಲಿ ಸವಾಲು! ವಯಸ್ಸನ್ನು ಎಷ್ಟು ಹಿಂದಕ್ಕೆ ಒಯ್ಯಬಹುದೋ ಅಷ್ಟು ಒಯ್ದಿದ್ದೆ. ಅನುಮಾನವಿದ್ದ ಪದರಗಳನ್ನೆಲ್ಲ ನಮ್ಮ ಕಡೆಗೇ ಎಣಿಸಿಕೊಂಡೆ.

ಎಂಜಿನಿಯರ್ ಬಂದದ್ದು ಮುಂಗಾರಿನ ಮೊದಲೆರಡು ಮಳೆ ಬಿದ್ದ ಮೇಲೆ. ಮುಂಚೆ ತಿಳಿಸಿರಲಿಲ್ಲ. ಪಿಡಿಒ ಫೋನ್ ಮಾಡಿ ಹೊರಟಿದ್ದಾರೆ ಎಂದಾಗ ನಾನು ಬಸ್ಸಿಳಿದು ಓಡಿ ಬಂದೆ. ನನ್ನಷ್ಟೇ ವಯಸ್ಸಿನ ಹುಡುಗ, ಇಸ್ತ್ರಿ ಮಾಡಿದ ಶರ್ಟು, ಹತ್ತು ಅಡಿ ದೂರಕ್ಕೆ ಸೆಂಟಿನ ವಾಸನೆ. ಬಾಗಿಲಲ್ಲಿ ಚಿಕ್ಕಮ್ಮ ಅಡ್ಡ ನಿಂತಿದ್ದಳು.

“ಹುಳ ಜ್ವರಕ್ಕೆ ಕೂತಿದೆ ಸಾರ್. ಇವತ್ತು ಯಾರೂ ಒಳಗೆ ಬರಂಗಿಲ್ಲ.”

“ನಾನು ಹುಳ ನೋಡಕ್ಕೆ ಬಂದಿಲ್ಲಮ್ಮ, ಕಟ್ಟಡ ನೋಡಕ್ಕೆ.”

“ಕಟ್ಟಡದೊಳಗೇ ಅಲ್ವಾ ಸಾರ್ ಹುಳ ಇರೋದು. ನಾಳಿದ್ದು ಎದ್ದುಬಿಡ್ತವೆ. ಆವಾಗ ಬಂದ್ರೆ ಮೂಲೆಮೂಲೆ ತೋರಿಸ್ತೀನಿ, ಊಟನೂ ಹಾಕ್ತೀನಿ.”

“ನನಗೆ ಎರಡು ತಾಲೂಕಿದೆ ಅಮ್ಮ. ನಾಳಿದ್ದು ನಾನೆಲ್ಲಿರ್ತೀನೋ.”

ಚಾಕಿ ಮನೆಯ ಕಟ್ಟುನಿಟ್ಟು ಗೊತ್ತಿಲ್ಲದವರಿಗೆ ಇದು ಹಟ ಅನ್ನಿಸುತ್ತದೆ. ಸಂಘದ ಹೆಂಗಸರೇ ಆಗಲಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಮಲ್ಲಿಗೆ ಮುಡಿದು ಬಂದ ಸೊಸೆಯನ್ನು ಚಿಕ್ಕಮ್ಮ ಹೊರಗೇ ನಿಲ್ಲಿಸಿದ್ದುಂಟು. ಜ್ವರದ ದಿನ ಅವಳೇ ಉಸಿರು ಹಿಡಿದು ಓಡಾಡುತ್ತಾಳೆ. ಈ ಭಾಗದಲ್ಲಿ ಹುಳು ಸಾಕುವ ಮನೆಯವರು ಯಾರೇ ಆಗಿದ್ದರೂ, ತಹಸೀಲ್ದಾರರೇ ಬಂದರೂ, ಅವತ್ತು ಬಾಗಿಲು ತೆಗೆಯುತ್ತಿರಲಿಲ್ಲ. ಹಾಗಾಗಿ ಅವಳ ತಪ್ಪೇನೂ ಇಲ್ಲ. ತಪ್ಪು ಅಲ್ಲಿಂದ ಮುಂದಿನದು. ಆ ಹುಡುಗ ಮೆತ್ತಗಾಗಿದ್ದ. ಕಾಲು ತೊಳೆದುಕೊಂಡು ಬಾಗಿಲಲ್ಲೇ ನಿಂತು ಟಾರ್ಚ್ ಹಾಕಿ ಒಂದು ನಿಮಿಷ ನೋಡ್ತೀನಿ ಎಂದ. ಚಿಕ್ಕಮ್ಮ ನನ್ನ ಮುಖ ನೋಡಿದಳು. ಅವಳು ಒಪ್ಪುತ್ತಿದ್ದಳೇನೋ. ನಡುವೆ ಬಾಯಿ ಹಾಕಿದವಳು ನಾನು.

“ಸಾರ್, ನಿಮ್ಮ ಮೈಮೇಲಿರೋ ಸೆಂಟಿಗೇ ಅರ್ಧ ಹುಳ ಹೋಗ್ತವೆ. ನಷ್ಟ ಯಾರು ಕಟ್ಟಿಕೊಡ್ತಾರೆ, ನಿಮ್ಮ ಇಲಾಖೆನಾ? ತಿಳಿಸದೆ ಬಂದಿದ್ದು ನೀವು. ನೋಡದೆ ಬರೆಯೋಕಾಗಲ್ಲ ಅಂದ್ರೆ ಬರೀಬೇಡಿ, ಇನ್ನೊಂದಿನ ಬನ್ನಿ. ಒಳಗೆ ಹೋಗಲೇಬೇಕು ಅಂತ ಯಾವ ನಿಯಮದಲ್ಲಿದೆ, ತೋರಿಸಿ.”

ಅವನು ಟಾರ್ಚನ್ನು ಜೇಬಿಗೆ ಹಾಕಿಕೊಂಡ. “ಇಲ್ಲ ಮೇಡಂ. ಒಳಗೆ ಹೋಗಲೇಬೇಕು ಅಂತ ಯಾವ ನಿಯಮದಲ್ಲೂ ಇಲ್ಲ,” ಎಂದ. ಟೇಪು ಹಿಡಿದು ಹೊರಗಿನಿಂದ ಅಳತೆ ತೆಗೆದ. ನಾನು ಕೆರೆದಿದ್ದ ನಾಲ್ಕು ಜಾಗದ ಮುಂದೆಯೂ ನಿಂತು ಫೋಟೊ ತೆಗೆದ. ಎರಡು ಮಳೆಗೇ ಅವು ಅಂಚಿನಿಂದ ಕಳಚುತ್ತಾ ಹಿಗ್ಗಿದ್ದವು. ಒಂದರೊಳಗೆ ಹುಲ್ಲು ಮೊಳೆತಿತ್ತು. ಪದರಗಳನ್ನು ನಾನೇ ಬೆರಳಿಟ್ಟು ತೋರಿಸಿದೆ. ಗಮನವಿಟ್ಟು ಕೇಳಿದ, ಬರೆದುಕೊಂಡ. ಜೀಪು ತಿರುಗಿದ ಮೇಲೆ ನಾನು ಚಿಕ್ಕಮ್ಮನ ಭುಜ ಹಿಡಿದು ಕುಲುಕಿದೆ. ಗೆದ್ದೆವು ಎಂದೇ ಅಂದುಕೊಂಡಿದ್ದೆ.

ವರದಿ ಬಂದ ದಿನ ಪಿಡಿಒ ನನ್ನನ್ನೂ ಕರೆಸಿದರು. ಓದಿ ಹೇಳುವ ಧೈರ್ಯ ಅವರಿಗೆ ಇರಲಿಲ್ಲ, ಕಾಗದವನ್ನು ನನ್ನ ಕಡೆ ತಳ್ಳಿದರು. ಒಳಭಾಗದ ಪರಿಶೀಲನೆಗೆ ಬಳಕೆದಾರರು ಅವಕಾಶ ನೀಡಿರುವುದಿಲ್ಲ. ಹೊರಭಾಗದಲ್ಲಿ ಗಾರೆ ವ್ಯಾಪಕವಾಗಿ ಕಳಚಿದ್ದು ಕಲ್ಲು ಹೊರಕ್ಕೆ ಕಂಡುಬಂದಿರುತ್ತದೆ, ಚಿತ್ರ ಲಗತ್ತಿಸಿದೆ. ಇತ್ತೀಚಿನ ನಿರ್ವಹಣೆಯ ಕುರುಹುಗಳಿಲ್ಲ. ಕಟ್ಟಡದ ವಯಸ್ಸಿನ ಬಗ್ಗೆ ಅರ್ಜಿದಾರರೇ ಸಲ್ಲಿಸಿರುವ ದಾಖಲೆಯಂತೆ, ಇಂತಹ ನಿರ್ಮಾಣಕ್ಕೆ ನಿಗದಿಯಾದ ಬಾಳಿಕೆಯ ಅವಧಿ ಮೀರಿದ್ದು, ಒಳಗೆ ಹೆಂಗಸರು ಕೆಲಸ ಮಾಡುತ್ತಿರುವುದರಿಂದ ಪ್ರಾಣಾಪಾಯದ ಸಂಭವವಿದ್ದು, ತೆರವುಗೊಳಿಸಲು ಶಿಫಾರಸು ಮಾಡಲಾಗಿದೆ.

ಒಂದೂ ಸುಳ್ಳಿಲ್ಲ. ಹುಡುಕಿದೆ, ಇವತ್ತಿಗೂ ಹುಡುಕುತ್ತೇನೆ.

“ಏನಂತೆ?” ಎಂದಳು ಚಿಕ್ಕಮ್ಮ.

“ಶಿಥಿಲ ಅಂತ ಬರೆದಿದ್ದಾರೆ,” ಎಂದೆ.

“ಯಾವುದು? ಆ ಮೂಲೆನಾ?”

“ಪೂರ್ತಿ.”

ಅವಳು ಪಿಡಿಒ ಕಡೆ ತಿರುಗಿ, “ಮೇಡಂ, ಒಂದು ಸಲ ಒಳಗೆ ಬಂದು ನೋಡಿ ಅಂತ ಹೇಳಿ ಅವರಿಗೆ. ಈಗ ಹುಳ ಇಲ್ಲ, ಯಾವಾಗ ಬೇಕಾದ್ರೂ ಬರ್ಲಿ,” ಎಂದಳು. ಪಿಡಿಒ ಕಣ್ಣು ಮೇಲೆತ್ತಲಿಲ್ಲ. ಪ್ರಾಣಾಪಾಯ ಎಂಬ ಪದ ಒಂದು ಸಲ ಕಾಗದಕ್ಕೆ ಇಳಿದ ಮೇಲೆ ನಾಳೆ ಗಾರೆಯ ಒಂದು ಚೂರು ಬಿದ್ದರೂ ಜೈಲಿಗೆ ಹೋಗುವವರು ಅವರು. “ಅಕ್ಕಾ, ನಾನೇ ಈ ಅರ್ಜಿ ಹಾಕಿಸಿದ್ದು,” ಎಂದರು ಅಷ್ಟೇ. ಅರ್ಜಿ ಹಾಕದೇ ಇದ್ದಿದ್ದರೆ? ಮೂಲೆ ಸೋರುತ್ತಿತ್ತು. ಕೆಳಗೊಂದು ಬಕೆಟ್ ಇಟ್ಟುಕೊಂಡು ಇನ್ನೂ ನಾಲ್ಕಾರು ವರ್ಷ ಚಾಕಿ ನಡೆಯುತ್ತಿತ್ತು. ಆ ಕಟ್ಟಡ ಅಲ್ಲಿಯವರೆಗೆ ಉಳಿದಿದ್ದೇ ಅದನ್ನು ಉಳಿಸಲು ಯಾರೂ ಹೊರಡದೆ ಇದ್ದುದರಿಂದ.

ಮೇಲ್ಮನವಿಗೆ ಒಂದು ನಿದರ್ಶನ ಬೇಕಿತ್ತು. ಗೌರಿಬಿದನೂರಿನ ಆಚೆ ಒಂದು ಹಳ್ಳಿಯಲ್ಲಿ ಪಂಚಾಯಿತಿಯವರೇ ಹಳೆಯ ಕಟ್ಟಡವೊಂದನ್ನು ದುರಸ್ತಿ ಮಾಡಿಸಿ ಓದುವ ಕೋಣೆ ಮಾಡಿದ್ದಾರೆ ಎಂದು ಕೇಳಿದ್ದೆ. ಬಸ್ಸು ಬದಲಿಸಿ ಬದಲಿಸಿ ಹೋದೆ. ಗಾರೆ ಕೆಲಸ ಮಾಡಿದ ಮೇಸ್ತ್ರಿ ಅಲ್ಲೇ ಊರಿನವರು, ಅರ್ಧ ತೆಲುಗು ಅರ್ಧ ಕನ್ನಡದ ಮುದುಕರು. ನಮ್ಮ ಛತ್ರದ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಕಣ್ಣ ಹತ್ತಿರ ತಂದು ನೋಡಿದರು.

“ಅಯ್ಯೋ, ಎವರಮ್ಮಾ ಇಟ್ಲ ಚೇಸಿಂದಿ? ಯಾರು ಹಿಂಗೆ ಚರ್ಮ ಸುಲಿದಿದ್ದು?”

ನಾನು ಮುಂದಿನ ಫೋಟೊಗೆ ಸರಿಸಿದೆ.

“ಗಾರೆ ಗೋಡೆಗೆ ಸುಣ್ಣ ಅಂದ್ರೆ ಅಲಂಕಾರ ಅಲ್ಲಮ್ಮ. ಅದೇ ಅದಕ್ಕೆ ಅನ್ನ. ವರ್ಷ ವರ್ಷ ಬಳಿದ್ರೆ ಇನ್ನೂ ಗಟ್ಟಿಯಾಗ್ತಾ ಹೋಗುತ್ತೆ. ಕೆರೆದು ಮಳೆಗೆ ಬಿಟ್ರೆ ಒಳಗೆ ನೀರಿಳೀತದೆ. ಯಾರೋ ತಿಳುವಳಿಕೆ ಇಲ್ದೋರು ಮಾಡವ್ರೆ.”

“ಯಾರೋ ಗೊತ್ತಿಲ್ಲ ತಾತ,” ಎಂದೆ.

ಅವರು ಬಂದು ನೋಡುತ್ತೇನೆ ಎಂದರು. ಬಂದರೆ ನಾಲ್ಕು ದಿನದ ಕೆಲಸ, ತೊಲೆಗೆ ಒಂದು ವಾರ ಎಂದೂ ಹೇಳಿದರು. ಆದರೆ ವರದಿ ಬದಲಾಗದೆ ಅವರಿಂದ ಆ ಗೋಡೆ ಮುಟ್ಟಿಸುವಂತಿರಲಿಲ್ಲ. ಆ ಓದುವ ಕೋಣೆಯಲ್ಲಿ ಹುಡುಗಿಯರು ಕೂತು ಪರೀಕ್ಷೆಗೆ ಓದುತ್ತಿದ್ದರು. ಗೋಡೆ ಮುಟ್ಟಿದೆ, ತಣ್ಣಗಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸುಳ್ಳು ಹೇಳಿದ್ದಕ್ಕಿಂತ ಬೇರೆ ಒಂದು ವಿಷಯ ನನ್ನನ್ನು ಕುಟುಕುತ್ತಿತ್ತು. ಗೋಡೆ ಬೆತ್ತಲೆ ನಿಂತಿದೆ ಎಂದು ಚಿಕ್ಕಮ್ಮ ಇದೇ ಮಾತನ್ನು ಹೇಳಿದ್ದಳು, ಮೇಸ್ತ್ರಿಗಿಂತ ಮುಂಚೆ. ನಾನದನ್ನು ಖಂಡಿಸಿ ಗೆದ್ದಿದ್ದೆ.

ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಎಷ್ಟು ಸಲ ಹೋದೆ ಎಂದು ಲೆಕ್ಕವಿಟ್ಟಿಲ್ಲ. ಮರುಪರಿಶೀಲನೆ ಆಗಬಹುದು, ಪಂಚಾಯಿತಿ ನಿರ್ಣಯ ತನ್ನಿ ಎಂದರು. ಪಂಚಾಯಿತಿ ನಿರ್ಣಯ ಮಾಡಲು ಕಟ್ಟಡ ಪಂಚಾಯಿತಿಯ ಆಸ್ತಿ ಪಟ್ಟಿಯಲ್ಲಿರಬೇಕು. ಶಿಥಿಲ ಎಂದು ಬಂದ ಕೂಡಲೇ ಪಟ್ಟಿಯಿಂದ ತೆಗೆದಾಗಿತ್ತು. ಪಟ್ಟಿಗೆ ಮತ್ತೆ ಸೇರಿಸಲು ಮರುಪರಿಶೀಲನೆ ಆಗಬೇಕು. ಈ ಸುತ್ತನ್ನು ನಾನು ಅಲ್ಲಿನ ಗುಮಾಸ್ತರಿಗೆ ಬಿಡಿಸಿ ಹೇಳಿದೆ, ತರ್ಕದೋಷ ಎಲ್ಲಿದೆ ಎಂದು ತೋರಿಸಿದೆ. ಅವರು ಕೇಳಿ, “ಕರೆಕ್ಟಾಗಿ ಹೇಳಿದ್ರಿ ಮೇಡಂ,” ಎಂದರು. ಆಮೇಲೆ ಟೀ ಕುಡಿಯಲು ಹೋದರು.

ಬೀಗ ಹಾಕಲು ಬಂದ ದಿನ ಒಳಗೆ ಮತ್ತೆ ಹುಳುವಿತ್ತು. ಮೊಟ್ಟೆಗೆ ಎರಡು ವಾರ ಮುಂಚೆಯೇ ಹೇಳಿಡಬೇಕು. ಹೇಳಿಟ್ಟಿದ್ದು ಬಂದಿತ್ತು, ಎರಡನೇ ಜ್ವರಕ್ಕೆ ಕೂತಿತ್ತು. ಪಿಡಿಒ, ಬಿಲ್ ಕಲೆಕ್ಟರ್, ಆ ಹಿರಿಯ ಮೆಂಬರು ಬಾಗಿಲ ಮುಂದೆ ನಿಂತಿದ್ದರು. ನಾನು ಶುರು ಮಾಡಿದೆ: ನೋಟಿಸಿನ ಅವಧಿ, ಸಹಜ ನ್ಯಾಯ, ಬದಲಿ ವ್ಯವಸ್ಥೆ.

“ಅಮ್ಮಣ್ಣಿ, ನೀನು ಸುಮ್ನಿರು,” ಎಂದಳು ಚಿಕ್ಕಮ್ಮ. ಗದರಿಸಲಿಲ್ಲ. ಅಷ್ಟು ಜನರ ಮುಂದೆ ಅವಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಆಮೇಲೆ ಮೆಂಬರಿಗೆ, “ಅಣ್ಣಾ, ಹುಳ ಏಳಗಂಟ,” ಎಂದಳು.

ಮೆಂಬರು ಈ ಸಲ ತಮಾಷೆ ಮಾಡಲಿಲ್ಲ. ಅವರ ಮನೆಯಲ್ಲೂ ಹುಳುವಿದೆ. “ಏಳಗಂಟ ಬಿಡ್ರಮ್ಮ,” ಎಂದರು ಪಿಡಿಒಗೆ. “ಜ್ವರದಾಗಿರೋದನ್ನ ಎತ್ತಿಸಿ ಹೊರಗಾಕ್ಸಿದ ಪಾಪ ನಮಗ್ಯಾಕೆ.” ಪಿಡಿಒ ತಲೆಯಾಡಿಸಿದರು. ನನ್ನ ಯಾವ ವಾದಕ್ಕೂ ಸಿಗದಿದ್ದ ಒಂದೂವರೆ ದಿನ ಅವಳ ಮೂರು ಪದಕ್ಕೆ ಸಿಕ್ಕಿತು. ಹುಳು ಎದ್ದವು, ರೈತರು ಬಂದು ಒಯ್ದರು, ಬೀಗ ಬಿತ್ತು. ‘ಶಿಥಿಲ ಕಟ್ಟಡ, ಒಳಗೆ ಪ್ರವೇಶವಿಲ್ಲ’ ಎಂದು ಬೋರ್ಡು ನೆಟ್ಟರು. ಕೆಡವಲು ಅನುದಾನವಿಲ್ಲವಂತೆ. ಹಾಗಾಗಿ ಕೆಡವಿಲ್ಲ, ದುರಸ್ತಿಯೂ ಇಲ್ಲ, ಬಳಕೆಯೂ ಇಲ್ಲ. ಮಳೆ ಬಂದಾಗಲೆಲ್ಲ ನಾನು ತೆರೆದ ಆ ನಾಲ್ಕು ಕಿಟಕಿಗಳಿಂದ ನೀರು ಒಳಗಿಳಿಯುತ್ತದೆ. ಎಂಜಿನಿಯರ್ ಬರೆದದ್ದು ದಿನದಿನಕ್ಕೆ ಹೆಚ್ಚು ನಿಜವಾಗುತ್ತಿದೆ.

ಸಂಘದವರು ಊರಿನ ಇನ್ನೊಂದು ಕಡೆ ಶೀಟಿನ ಶೆಡ್ಡು ಹಿಡಿದರು. ಗೋಣಿಚೀಲ ನೆನೆಸಿ ಕಟ್ಟಿದರು, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರು, ಎರಡು ಫ್ಯಾನ್ ತಂದರು. ಮೊದಲ ಸಲವೇ ಜ್ವರ ಒಂದೇ ಸಮ ಕೂರಲಿಲ್ಲ. ಒಂದು ತಟ್ಟೆಯ ಹುಳು ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದರೆ ಪಕ್ಕದ ತಟ್ಟೆಯದು ಇನ್ನೂ ಜ್ವರಕ್ಕೇ ಕೂರದೆ ಮೇಯುತ್ತಿತ್ತು. ಹೆಂಗಸರು ಸರದಿಯಲ್ಲಿ ಕೂತು ಬೀಸಣಿಗೆಯಲ್ಲಿ ಬೀಸಿದರು. ರೈತರು ಒಯ್ದರು, ಮೂರನೇ ಜ್ವರದ ಹೊತ್ತಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಯಾರೂ ಬೈಯಲಿಲ್ಲ. “ಅಕ್ಕಾ, ಹುಳ ಸಣ್ಣದು ದೊಡ್ಡದು ಆಗ್ಬಿಟ್ಟಿದೆ, ಈ ಸಲ ಮೇಲೂರ ಕಡೆಯಿಂದ ತರ್ತೀನಿ ಕಣಕ್ಕಾ, ಬೇಜಾರು ಮಾಡ್ಕೋಬೇಡ,” ಎಂದರು. ಎರಡನೇ ಸಲ ಅರ್ಧ ತಟ್ಟೆಗಳು ಹೋದವು. ಸಂಘದಲ್ಲಿ ಏಳು ಜನ ಮೂವರಾದರು.

ಹೋದ ತಿಂಗಳು ಒಂದು ಬೆಳಗ್ಗೆ ನಾನು ಹೊಸ ಅರ್ಜಿಯ ಕರಡು ಹಿಡಿದು ಚಿಕ್ಕಮ್ಮನ ಮನೆಗೆ ಹೋದೆ. ಕಟ್ಟಡ ಅಷ್ಟು ಹಳೆಯದಲ್ಲ, ಹಿಂದಿನ ಎಣಿಕೆಯಲ್ಲಿ ದೋಷವಿದೆ ಎಂದು ನನ್ನ ಹದಿನೇಳು ಪುಟವನ್ನು ನಾನೇ ಖಂಡಿಸಿದ್ದೆ. ಖಂಡನೆ ಚೆನ್ನಾಗಿತ್ತು, ಮೂಲಕ್ಕಿಂತ ಚೆನ್ನಾಗಿತ್ತು. ಅವಳು ಓದಿಸಿಕೊಳ್ಳಲಿಲ್ಲ.

“ಮೊಟ್ಟೆ ಕಳಿಸಲಾ ಅಂತ ಬೆಳಗ್ಗೆಯಿಂದ ಫೋನ್ ಮಾಡ್ತಾವ್ರೆ ಕಣೇ. ನಂಗೆ ಹೇಳಕ್ಕೆ ಬಾಯಿ ಬರ್ತಿಲ್ಲ. ನೀನೇ ಹೇಳಿಬಿಡಮ್ಮ,” ಎಂದು ಫೋನು ನನ್ನ ಕೈಗಿಟ್ಟಳು.

ಮೊಟ್ಟೆ ಕೇಂದ್ರದವರು ಎತ್ತಿದರು. ಈ ಸಲ ಬೇಡ ಎಂದೆ. ಮುಂದಿನ ಸಲಕ್ಕೆ ಬರೆದುಕೊಳ್ಳಲಾ ಎಂದು ಕೇಳಿದರು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು.

“ಬೇಡ,” ಎಂದೆ.

“ಯಾಕೆ ಮೇಡಂ? ಏನಾದ್ರೂ ತೊಂದ್ರೆನಾ?”

ಕಾರಣಗಳೆಲ್ಲ ನನಗೆ ಗೊತ್ತಿದ್ದವು, ಕ್ರಮವಾಗಿಯೂ ಗೊತ್ತಿದ್ದವು. ಫೋನು ಇಟ್ಟುಬಿಟ್ಟೆ.

ಚಿಕ್ಕಮ್ಮ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೊರಟಳು, ನಾನೂ ಹಿಂದೆ ಹೋದೆ. ಚಾಕಿಗೆಂದೇ ಬೇರೆಯಾಗಿ ಬೆಳೆಸುವ ಹಿಪ್ಪುನೇರಳೆ ಅದು. ಈ ಬ್ಯಾಚಿಗೆ ಸರಿಯಾಗಲಿ ಎಂದು ದಿನ ನೋಡಿ ಸವರಿದ್ದರಿಂದ ಅವತ್ತಿಗೆ ಎಲೆ ಹದವಾಗಿತ್ತು, ಬೆಣ್ಣೆಯ ಹಾಗಿತ್ತು. ಎರಡು ದಿನ ಬಿಟ್ಟರೆ ಬಲಿಯುತ್ತದೆ. ಅವಳು ಸಾಲಿಗೆ ಇಳಿದು ಕೊಯ್ಯತೊಡಗಿದಳು. ಪಕ್ಕದ ಹೊಲದಲ್ಲಿ ಹಸು ಹಿಡಿದುಕೊಂಡು ನಿಂತಿದ್ದವನು ನೋಡಿ, “ಏನಕ್ಕಾ, ಚಾಕಿ ಬಿಟ್ಟೆ ಅಂದ್ರು? ಮತ್ಯಾಕೆ ಕೊಯ್ತಿದ್ದೀಯ?” ಎಂದ.

“ತಗೊಂಡೋಗಪ್ಪ. ಹಸುಗಾದ್ರೂ ಆಗ್ಲಿ.”

ಅವನು ಸಂಕೋಚದಿಂದಲೇ ಬಂದು ಮಡಿಲು ತುಂಬ ತೆಗೆದುಕೊಂಡ. “ಚಿಕ್ಕಮ್ಮ,” ಎಂದೆ ನಾನು, “ಸೋಮವಾರ ಮತ್ತೆ ಜಿಲ್ಲಾ ಕಚೇರಿಗೆ ಹೋಗ್ತೀನಿ. ಈ ಸಲ...”

“ಹೋಗು. ಹೋಗಬೇಡ ಅಂದ್ರೆ ಕೇಳೋಳೇನೆ ನೀನು?” ಎಂದಳು ಬಗ್ಗಿಕೊಂಡೇ. “ಈಗ ಆ ಸಾಲು ನೀನು ಹಿಡಿ.”

ಕುಡುಗೋಲು ಹಿಡಿದು ನನಗೆ ಅಭ್ಯಾಸವಿಲ್ಲ. ಹಿಡಿದೆ.